ಯೂರಿಯಾ ನೀರು ಕುಡಿದ ಗೌರಿ

ಕಳೆದ ಭಾನುವಾರ ನಾನು ಒಂದು ಹಸುವನ್ನು ಕೊಲ್ಲುವುದರಲ್ಲಿದ್ದೆ.

ಕೆಂಗೇರಿಯ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಬದನೆ, ಟೊಮ್ಯಾಟೊ ಬೆಳೆಯುತ್ತೇನೆ. (ಈ ಅಂಕಣದಲ್ಲೇ ಅದರ ಬಗ್ಗೆ ಕೊಚ್ಚಿಕೊಂಡಿದ್ದೂ ಉಂಟು.) ಗಿಡಗಳು ಯಾಕೋ ಹಳದಿಯಾಗಿದ್ದವು. ಅರ್ಧ ಬಕೆಟ್ ನೀರಿಗೆ ಯೂರಿಯಾ ಸುರಿದು ಬರಿಗೈಯಲ್ಲೇ ಕಲಸಿದೆ. ಅಳತೆ? ಅಂದಾಜು. ಗ್ಲೌಸ್? ಯಾರಿಗೆ ಬೇಕು! ಅಷ್ಟರಲ್ಲಿ ಫೋನ್ ಬಂತು. ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಹೋದೆ.

ವಾಪಸ್ ಬಂದಾಗ ಬಕೆಟ್ ಖಾಲಿ. ಎದುರುಮನೆಯ ಲಕ್ಷ್ಮಮ್ಮನವರ ಹಸು ಗೌರಿ ರಸ್ತೆಯಲ್ಲಿ ನಡುಗುತ್ತಾ ನಿಂತಿತ್ತು. ಬಾಯಲ್ಲಿ ನೊರೆ.

ಲಕ್ಷ್ಮಮ್ಮ ಈ ಲೇಔಟ್ ಹೊಲವಾಗಿದ್ದ ಕಾಲದಿಂದ ಇಲ್ಲೇ ಇರುವವರು. ಗಾಬರಿಯಲ್ಲಿ ಅವರೇ ಫೋನ್ ಮಾಡಿ ದನದ ಡಾಕ್ಟರನ್ನು ಕರೆಸಿದರು.

"ಏನ್ ತಿನ್ಸಿದ್ರಮ್ಮಾ?" ಡಾಕ್ಟರು ಕೇಳಿದರು.

"ದಿನಾ ಹಾಕೋ ಬೂಸಾನೇ ಸಾರ್. ಕೆಟ್ಟೋಗಿತ್ತೇನೋ, ನಾನೇ ಸರ್ಯಾಗ್ ನೋಡ್ಲಿಲ್ಲ," ಎಂದು ಲಕ್ಷ್ಮಮ್ಮ ಹಣೆ ಚಚ್ಚಿಕೊಂಡರು.

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಬೀದಿಯವರೆಲ್ಲ ಸೇರಿದ್ದರು. ಪೇಪರಿನಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ಹೀಗೆ ಮಾಡಿದ ಅಂತ ಗೊತ್ತಾದರೆ? ಹತ್ತು ನಿಮಿಷ ಬರೀ ಇದನ್ನೇ ಯೋಚಿಸಿದೆ. ಗೌರಿ ಮುಂಗಾಲು ಮಡಚಿ ಕುಸಿಯಿತು.

ಆಗ ಬಾಯಿ ಬಂತು. ಅದೂ ಸುಳ್ಳಿನ ಜೊತೆ.

"ಡಾಕ್ಟ್ರೇ, ಈಗಷ್ಟೇ ನೋಡ್ದೆ, ನನ್ನ ಯೂರಿಯಾ ಬಕೆಟ್ ಖಾಲಿ ಆಗಿದೆ."

"ಅಯ್ಯೋ, ಓಡ್ರೀ, ವಿನೆಗರ್ ತನ್ನಿ, ಯೂರಿಯಾ ವಿಷಕ್ಕೆ ಅದೇ ಮದ್ದು! ಎಷ್ಟ್ ಸಿಗುತ್ತೋ ಅಷ್ಟು!"

ಓಡಿದೆ. ಸರ್ಕಲ್ಲಿನ ಗೋಬಿ ಮಂಚೂರಿ ಗಾಡಿಯಲ್ಲಿದ್ದ ಬಾಟಲಿಗಳನ್ನೆಲ್ಲ ಬಾಚಿಕೊಂಡು ಬಂದೆ. ಡಾಕ್ಟರು ತಣ್ಣೀರಿಗೆ ಬೆರೆಸಿ ಕುಡಿಸಿದರು, ಇಂಜೆಕ್ಷನ್ ಕೊಟ್ಟರು. ಕತ್ತಲಾಗುವ ಹೊತ್ತಿಗೆ ಗೌರಿ ಎದ್ದು ನಿಂತಿತು.

ಮರುದಿನ ಲಕ್ಷ್ಮಮ್ಮ ನಮ್ಮ ಬಾಗಿಲಿಗೆ ಬಂದರು. ಬೈಯಲಿಕ್ಕೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಗೊತ್ತಿಲ್ದೆ ಇಟ್ಬಿಟ್ರಿ, ಹೋಗ್ಲಿ ಬಿಡಿ ಸಾರ್. ನೀವು ನೋಡಿದ್ ತಕ್ಷಣ ಹೇಳಿದ್ದಕ್ಕೆ ನಮ್ಮ ಗೌರಿ ಉಳ್ಕೊಂಡ್ಳು," ಎಂದು ಕೈ ಮುಗಿದರು.

ನೋಡಿದ ತಕ್ಷಣ!

ನಾನೂ ಕೈ ಮುಗಿದೆ. ಅಷ್ಟೇ.

ಈಗ ಯೂರಿಯಾ ಚೀಲ ಬೀಗ ಹಾಕಿದ ಡಬ್ಬದಲ್ಲಿದೆ. ಗ್ಲೌಸ್ ತಂದಿದ್ದೇನೆ. ಕಲಸಿದ ನೀರು ಗಿಡಕ್ಕೆ ಹಾಕಿ ಮುಗಿಸಿ, ಬಕೆಟ್ ತೊಳೆಯುವ ತನಕ ಜಾಗ ಬಿಟ್ಟು ಕದಲುವುದಿಲ್ಲ. ಇದೆಲ್ಲ ಯಾರು ಬೇಕಾದರೂ ಕಲಿಯಬಹುದು. ಆ ಹತ್ತು ನಿಮಿಷದ ಸಂಗತಿಯನ್ನು ಮಾತ್ರ ಲಕ್ಷ್ಮಮ್ಮನವರಿಗೆ ಇನ್ನೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಇಷ್ಟೊಂದು ಜನರಿಗೆ ಹೇಳುವುದು, ಎದುರುಮನೆಯ ಒಬ್ಬರಿಗೆ ಹೇಳುವುದಕ್ಕಿಂತ ಸುಲಭ ಯಾಕೆ?