ಹತ್ತನೇ ನಂಬರಿನ ಸ್ಪ್ಯಾನರ್

ನಮ್ಮ ಮನೆಯಲ್ಲಿ ಒಂದು ಸ್ಪ್ಯಾನರ್ ಸೌಟುಗಳ ಜೊತೆ ಸಂಸಾರ ಮಾಡಿಕೊಂಡಿದೆ. ಕಡಗೋಲು, ಚಪಾತಿ ಮಗುಚುವ ಚಿಮುಟ, ಚಹಾ ಸೋಸುವ ಜಾಲರಿ, ಇವುಗಳ ನಡುವೆ ಗೇಣುದ್ದದ ಹತ್ತನೇ ನಂಬರಿನ ಸ್ಪ್ಯಾನರ್. ಈ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ವಸುಧಾ ಕೆಳಗಿನಿಂದ ಕೂಗಿದಳು. "ರೀ, ಕಾರಿನ ಬ್ಯಾಟರಿ ಮುಗೀತು. ಅಂಗಡಿಯವನು ಹೊಸದು ತಂದಿಟ್ಟು ಹೋದ. ಡ್ರಾಯರಿಂದ ಅದನ್ನ ತನ್ನಿ!"

'ಅದನ್ನ' ಎಂದರೆ ಯಾವುದು ಎಂದು ನಾನು ಕೇಳಲಿಲ್ಲ. ತೆಗೆದು ಮೂಸಿ ನೋಡಿದೆ. ಐವತ್ತು ದಾಟಿದ ಮೇಲೆ ಮನುಷ್ಯ ಯಾವುದನ್ನು ಬೇಕಾದರೂ ಮೂಸಿ ನೋಡುತ್ತಾನೆ, ನೀವು ನಗಬೇಡಿ. ಇಂಗಿನ ವಾಸನೆಯ ಅಡಿಯಲ್ಲಿ ಬ್ಯಾಟರಿಯ ಆ ಹುಳಿ ಘಾಟು ಇನ್ನೂ ಇತ್ತು. ಅಥವಾ ಅದು ನನ್ನ ತಲೆಯಲ್ಲೇ ಉಳಿದಿತ್ತೋ ಏನೋ.

ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುವುದು ವಾಸಿ. ನಾನು ಚಿಂತೆಯ ಕಸುಬಿನವನು. ಸರ್ಕಾರದ ಕೆಲಸ ನನಗೆ ಸಂಬಳಕ್ಕೆ ಮಾತ್ರ. ರೈಲು ಹೊರಡುವ ಎರಡು ಗಂಟೆ ಮೊದಲು ಸ್ಟೇಷನ್ನಿನಲ್ಲಿರುತ್ತೇನೆ. ಅಲ್ಲಿ ಕೂತು, ಗ್ಯಾಸ್ ಆರಿಸಿದೆನೇ ಎಂದು ಯೋಚಿಸುತ್ತೇನೆ. ಯಾವ ಚಿಂತೆಯೂ ಇಲ್ಲದ ದಿನ, ಏನನ್ನೋ ಮರೆತಿದ್ದೇನೆ ಎಂಬ ಚಿಂತೆ ಹತ್ತುತ್ತದೆ. ಇಂಥವನು ದೆಹಲಿಯಲ್ಲಿ ಕಾರು ಕೊಳ್ಳಬಾರದಿತ್ತು. ಕೊಂಡೆ.

ಮಯೂರ್ ವಿಹಾರಕ್ಕೆ ಮೆಟ್ರೋ ಬರುವುದಕ್ಕೆ ಇನ್ನೂ ಹಲವು ವರ್ಷ ಇದ್ದ ಕಾಲ ಅದು. ನಾನು ಆಫೀಸಿಗೆ ಹೋಗುತ್ತಿದ್ದುದು ನೌಕರರೆಲ್ಲ ಸೇರಿ ತಿಂಗಳ ಬಾಡಿಗೆಗೆ ಗೊತ್ತುಮಾಡಿಕೊಂಡ ಚಾರ್ಟರ್ಡ್ ಬಸ್ಸಿನಲ್ಲಿ. ಬಿಳಿ ಬಣ್ಣದ ಆ ಹಳೆಯ ಕಾರು ವಾರವೆಲ್ಲ ಸೊಸೈಟಿಯ ಗುಲ್‌ಮೊಹರ್ ಮರದ ಕೆಳಗೆ ಸುಮ್ಮನೆ ನಿಂತಿರುತ್ತಿತ್ತು. ವಸುಧಾ ಡ್ರೈವಿಂಗ್ ಕಲಿತು, ಮೊದಲ ಸಲಕ್ಕೇ ಲೈಸೆನ್ಸ್ ತಂದಳು. ನನಗೆ ಮೂರನೆಯ ಸಲಕ್ಕೆ ಬಂದಿತ್ತು. ಅಲ್ಲಿಗೆ ನನ್ನ ಎದೆಬಡಿತ ಶುರುವಾಯಿತು. ಈ ಊರಿನ ಬಸ್ಸುಗಳು, ಎಡದಿಂದ ನುಗ್ಗುವ ಆಟೋಗಳು, ಜನವರಿಯ ಮಂಜು! ಆಗ ನಾನೊಂದು ಪದ್ಧತಿ ಶುರು ಮಾಡಿದೆ. ಪ್ರತಿ ಸಂಜೆ ಬಾನೆಟ್ ಎತ್ತಿ, ವೈರು ಕೂಡಿಸಿ ಐದು ನಿಮಿಷ ಎಂಜಿನ್ ಓಡಿಸಿ, ಹತ್ತನೇ ನಂಬರಿನ ಸ್ಪ್ಯಾನರಿನಿಂದ ಬ್ಯಾಟರಿಯ ಮೈನಸ್ ವೈರನ್ನು ಮತ್ತೆ ಬಿಚ್ಚಿ ಪಕ್ಕಕ್ಕಿಡುವುದು. "ಚಳಿಗೆ ಚಾರ್ಜ್ ಇಳಿದುಹೋಗುತ್ತೆ, ಅದಕ್ಕೆ" ಎಂದು ಮನೆಯಲ್ಲಿ ಹೇಳಿದ್ದೆ. ಸ್ಪ್ಯಾನರನ್ನು ಶರ್ಟಿನ ಜೇಬಿಗೆ ಹಾಕಿಕೊಂಡೇ ಆಫೀಸಿಗೆ ಹೋಗುತ್ತಿದ್ದೆ. ಬೀಗದಕೈ ಮನೆಯಲ್ಲೇ ಇರುತ್ತಿತ್ತು, ಧಾರಾಳವಾಗಿ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ. ನನ್ನಷ್ಟು ಉದಾರ ಗಂಡ ಆ ಬ್ಲಾಕಿನಲ್ಲಿ ಇನ್ನೊಬ್ಬನಿರಲಿಲ್ಲ.

ಅವಳು ಗಣಿತದ ಟೀಚರ್. ಹಿಂದಿನ ವರ್ಷ ಒಂದು ಶಾಲೆಯ ಕೆಲಸ ಬಂದಿತ್ತು. ಹೋಗಿಬರುವುದು ಕಷ್ಟ ಎಂದು ನಾವು ಬಿಟ್ಟೆವು. 'ನಾವು' ಎಂದರೆ ನಾನು. ಆ ಚಳಿಗಾಲದಲ್ಲಿ ನೋಯ್ಡಾದ ಆಚೆ ತುದಿಯ ಶಾಲೆಯೊಂದು ಕರೆಯಿತು. ಸೋಮವಾರ ಬೆಳಿಗ್ಗೆ ಏಳೂ ಕಾಲಿಗೆ ಹಾಜರಾಗಬೇಕು, ಇಲ್ಲವಾದರೆ ಪಟ್ಟಿಯ ಮುಂದಿನ ಹೆಸರಿಗೆ ಕೊಡುತ್ತೇವೆ ಎಂದಿದ್ದರು. ಅಲ್ಲಿಗೆ ಅಷ್ಟು ಬೆಳಿಗ್ಗೆ ತಲುಪಿಸುವ ಬಸ್ಸಿರಲಿಲ್ಲ. ಕಾರಿತ್ತು.

ಶನಿವಾರ ನಾನು ವೈರು ಕೂಡಿಸಿ, ಅವಳು ಕೀಲಿ ತಿರುಗಿಸಿದರೆ ಕಾರು ಟಿಕ್ ಎಂದಿತು, ಇನ್ನೊಮ್ಮೆ ಟಿಕ್ ಎಂದಿತು, ಸುಮ್ಮನಾಯಿತು. ನಿಮ್ಮೆದುರು ಸುಳ್ಳು ಯಾಕೆ ಹೇಳಲಿ, ಆ ಟಿಕ್ ಕೇಳಿ ನನ್ನ ಎದೆಯಲ್ಲಿ ತಂಪಾಗಿ ಒಂದು ಸಮಾಧಾನ ಹರಿಯಿತು. ಮುಖವನ್ನು ಮಾತ್ರ ಸಾಕಷ್ಟು ಬಾಡಿಸಿಕೊಂಡು, "ಹೋಗ್ಲಿ ಬಿಡು, ಏನು ಮಾಡೋದು, ಒಂದು ವಾರ ಟೈಮ್ ಕೇಳು" ಎಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ನೆಲಮಹಡಿಯ ಬೋಪಯ್ಯನವರ ಮನೆಗೆ ಇಳಿದುಹೋದಳು.

ಬೋಪಯ್ಯನವರು ಕೊಡಗಿನವರು, ಸೇನೆಯ ವರ್ಕ್‌ಶಾಪಿನಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಅವರು ಕುರ್ಚಿಯಲ್ಲಿ ಒರಗಿ ಕೂತದ್ದನ್ನು ನಾನು ಕಂಡಿಲ್ಲ. ಭಾನುವಾರ ಬೆಳಿಗ್ಗೆ ಅವರ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಹೊಸ ಬ್ಯಾಟರಿ ಬಂದು ಇಳಿಯಿತು.

"ಅಂಕಲ್, ನೀವೇ ಹಾಕಿಕೊಡ್ತೀರಾ?" ಎಂದಳು ವಸುಧಾ.

"ನಾನ್ಯಾಕಮ್ಮಾ? ನಾಳೆ ದಾರೀಲಿ ಕೈಕೊಟ್ರೆ ನನ್ನನ್ನ ಡಿಕ್ಕಿಯೊಳಗೆ ಇಟ್ಕೊಂಡು ಹೋಗ್ತೀಯಾ? ನೀನು ಹಾಕು. ನಾನು ಬಾಯಲ್ಲಿ ಹೇಳ್ತೀನಿ."

ನಾನು ಕಾರಿನ ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತು, ಎಚ್ಚರಿಕೆಗಳ ಪುಟವನ್ನು ಗಟ್ಟಿಯಾಗಿ ಓದತೊಡಗಿದೆ. ಆಸಿಡ್ ಚೆಲ್ಲಬಹುದು, ಕಿಡಿ ಹಾರಬಹುದು, ಸಿಡಿಯಲೂಬಹುದು.

"ಸಾಹೇಬ್ರೇ," ಎಂದರು ಬೋಪಯ್ಯನವರು, "ಯುದ್ಧಕ್ಕೆ ಹೋಗೋವಾಗಲೂ ನಮಗೆ ಯಾರೂ ಇಷ್ಟೊಂದು ಹೆದರಿಸಿರಲಿಲ್ಲ. ಪುಸ್ತಕ ಮುಚ್ಚಿ. ಅಮ್ಮಾ, ಬಳೆ ತೆಗಿ. ಬ್ಯಾಟರಿ ಹತ್ರ ಮೈಮೇಲೆ ಲೋಹ ಇರಬಾರದು."

ಅವಳು ಎರಡು ಚಿನ್ನದ ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಮೊದಲ ಮಹಡಿಯ ಪಂಜಾಬಿ ಆಂಟಿ ಬಾಲ್ಕನಿಯಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದವರು, "ಅರೇ ಭಾಯಿ ಸಾಹಬ್, ಪಹನ್ ಲೋ, ಅಚ್ಛೀ ಲಗೇಂಗೀ!" ಎಂದರು. ಹಾಕಿಕೊಂಡರೆ ನನಗೆ ಒಪ್ಪುತ್ತದಂತೆ. ಇಡೀ ಬ್ಲಾಕು ನಕ್ಕಿತು.

"ಸ್ಪ್ಯಾನರ್?" ಎಂದು ವಸುಧಾ ನನ್ನ ಮುಖ ನೋಡದೆ ಕೈಚಾಚಿದಳು. ಜೇಬಿನಿಂದ ತೆಗೆದು ಕೊಟ್ಟೆ. ಖಾಲಿಯಾದ ಜೇಬಿಗೆ ಬಳೆ ಹಾಕಿಕೊಂಡೆ.

ಬೋಪಯ್ಯನವರು ಬಾನೆಟ್ಟಿನೊಳಗೆ ಬಗ್ಗಿದರು. ಕನ್ನಡಕವನ್ನು ಹಣೆಗೇರಿಸಿ ಮೈನಸ್ ವೈರಿನ ತುದಿಯ ಹಿಡಿಯನ್ನು ಬೆರಳಿನಿಂದ ಅಲ್ಲಾಡಿಸಿದರು. ಅದು ಹಾಲುಹಲ್ಲಿನ ಹಾಗೆ ಅಲುಗಿತು.

"ಯಾರ್ರೀ ಇದನ್ನ ದಿನಾ ಬಿಚ್ಚೋರು? ನಟ್ಟಿನ ಮೂಲೆ ಎಲ್ಲ ಸವೆದು ಗುಂಡಗಾಗಿದೆ. ಹಿಡಿ ಸಡಿಲ. ಹೀಗಿದ್ರೆ ಚಾರ್ಜ್ ಎಲ್ಲಿಂದ ಏರತ್ತೆ? ಈ ಬ್ಯಾಟರಿ ತಾನಾಗಿ ಸತ್ತಿಲ್ಲ, ಇದನ್ನ ಕೊಂದಿದ್ದಾರೆ."

ಬಟಾಣಿ ಸುಲಿಯುವ ಸದ್ದೂ ನಿಂತಂತೆ ನನಗನ್ನಿಸಿತು. ಆಂಟಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಅಪರಾಧಿಯ ಮುಖ ಓದಲು ಭಾಷೆ ಯಾಕೆ ಬೇಕು.

"ನಾನೇ," ಎಂದೆ. "ಚಳಿಗೆ ಚಾರ್ಜ್..." ಅಲ್ಲಿಗೆ ನಿಲ್ಲಿಸಿದೆ. "ಚಾರ್ಜಿಗಲ್ಲ. ಇವಳು ಒಬ್ಬಳೇ ಓಡಿಸಿಕೊಂಡು ಹೋದರೆ ಅಂತ ಭಯ."

ವಸುಧಾ ಸ್ಪ್ಯಾನರನ್ನು ನಟ್ಟಿಗೆ ಕೂರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನನಗೆ ಗೊತ್ತು. ನಿಮ್ಮ ಶರ್ಟು ಒಗೆಯೋಳು ನಾನು. ಮೂರು ಶರ್ಟಿನ ಜೇಬಲ್ಲೂ ಕರಿ ಕಲೆ. ನೀವಾಗೇ ಯಾವತ್ತು ಹೇಳ್ತೀರಿ ಅಂತ ಕಾಯ್ತಿದ್ದೆ. ಸೋಮವಾರ ಬಂತು, ಇನ್ನು ಕಾಯೋಕಾಗಲ್ಲ."

ಬೈದಿದ್ದರೆ ನಾನು ತಯಾರಿದ್ದೆ. ಬೈಗುಳದ ಬಗ್ಗೆ ಮುಂಚಿತವಾಗಿ ಚಿಂತಿಸಿ ಇಟ್ಟುಕೊಂಡಿರುತ್ತೇನೆ. ಕಾರಿನ ಪುಸ್ತಕವನ್ನು ನೆಲದ ಮೇಲಿಟ್ಟೆ.

"ಬಿಚ್ಚೋವಾಗ ಮೊದಲು ಮೈನಸ್, ಹಾಕೋವಾಗ ಕೊನೆಗೆ ಮೈನಸ್. ಇಷ್ಟೇ ವೇದಾಂತ," ಎಂದರು ಬೋಪಯ್ಯನವರು, ಏನೂ ಆಗಿಲ್ಲವೆಂಬಂತೆ. "ಸಾಹೇಬ್ರೇ, ನಿಮಗೂ ಒಂದು ಕೆಲಸ. ಎತ್ತಿ ಇದನ್ನ."

ಹಳೆಯದನ್ನು ನಾನು ಎತ್ತಿ ಇಳಿಸಿದೆ, ಹೊಸದನ್ನು ಎತ್ತಿ ಕೂರಿಸಿದೆ. ವೈರಿನ ತುದಿಗಳಲ್ಲಿ ಕೂತಿದ್ದ ನೀಲಿ ಬಿಳಿ ಹುಡಿಯ ಮೇಲೆ ಅವಳು ಬಿಸಿನೀರು ಹೊಯ್ದಳು. ಅದು ಬುಸ್ಸೆಂದು ಕರಗಿತು. ಒರೆಸಿ ಒಣಗಿಸಿದಳು. ಸವೆದ ಹಿಡಿಯ ಬದಲಿಗೆ ಬೋಪಯ್ಯನವರ ಡಬ್ಬಿಯಿಂದ ಒಂದು ಹೊಸ ಹಿಡಿ ಹಾಕಿದಳು. ಪ್ಲಸ್ ಬಿಗಿದು, ಕೊನೆಗೆ ಮೈನಸ್ ಬಿಗಿದು, ಚಳಿಗೆ ತುಟಿಗೆ ಹಚ್ಚಲು ತಂದಿದ್ದ ವ್ಯಾಸಲೀನನ್ನು ಎರಡಕ್ಕೂ ಸವರಿದಳು. ಕೂತು ಕೀಲಿ ತಿರುಗಿಸಿದಳು. ಕಾರು ಒಂದೇ ಸಲಕ್ಕೆ ಎದ್ದಿತು. ಬೋಪಯ್ಯನವರು "ಶಾಬಾಶ್" ಎಂದದ್ದು ಯಾರಿಗೆ ಎಂಬ ಬಗ್ಗೆ ಅನುಮಾನವೇನಿಲ್ಲ.

ಮನೆಗೆ ಬಂದವಳೇ ಸ್ಪ್ಯಾನರನ್ನು ತೊಳೆದು ಸೌಟಿನ ಡ್ರಾಯರಿಗೆ ಹಾಕಿದಳು. "ಇದು ಇನ್ಮೇಲೆ ಇಲ್ಲಿರುತ್ತೆ," ಎಂದಳು. ಅಷ್ಟೇ. ಶಿಕ್ಷೆ ಇಷ್ಟಕ್ಕೇ ಮುಗಿದದ್ದು ನಿಜವೇ ಎಂದು ನಾನು ರಾತ್ರಿ ಊಟದ ತನಕ ಚಿಂತಿಸಿದೆ.

ಸೋಮವಾರ ಆರೂವರೆಗೆ ಮಂಜಿನಲ್ಲಿ ಕಾರಿನ ಕೆಂಪು ದೀಪ ಗೇಟು ದಾಟಿ ಮಾಯವಾಯಿತು. ನಾನು ಹಿಂದಿನ ದಿನದ ಶರ್ಟಿನ ಮೇಲೆಯೇ ಸ್ವೆಟರ್ ಹಾಕಿಕೊಂಡು ಬಸ್ಸು ಹತ್ತಿದೆ. ಸೇತುವೆಯ ಹತ್ತಿರ ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು. ಸ್ಪ್ಯಾನರ್ ಇರಲಿಲ್ಲ. ಬಳೆಗಳಿದ್ದವು! ಅವಳು ಕೇಳಲು ಮರೆತಿದ್ದಳು, ನಾನು ಕೊಡಲು. ತುಂಬಿದ ಬಸ್ಸಿನಲ್ಲಿ ಅಷ್ಟು ಚಿನ್ನ! ಆಫೀಸಿನ ತನಕ ಜೇಬನ್ನು ಅಂಗೈಯಿಂದ ಒತ್ತಿ ಹಿಡಿದು ಕೂತೆ. ಪಕ್ಕದವರು ಎದೆನೋವೇ ಎಂದು ಕೇಳಿದರು. ಅವಳು ಬರಿಗೈಯಲ್ಲಿ ಸ್ಟಿಯರಿಂಗ್ ಹಿಡಿದು ಎಲ್ಲೋ ಹೋಗುತ್ತಿದ್ದಳು, ನಾನು ಅವಳ ಬಳೆ ಕಾಯುತ್ತಿದ್ದೆ. ಕೈತುಂಬ ಕೆಲಸವಿದ್ದುದರಿಂದ ಬಸ್ಸು ಇಳಿಯುವ ತನಕ ಬೇರೆ ಚಿಂತೆಗೆ ಪುರುಸೊತ್ತಾಗಲಿಲ್ಲ.

ಆಫೀಸಿಗೆ ಅವಳ ಫೋನು ಬಂದದ್ದು ಹನ್ನೊಂದಕ್ಕೆ. "ತಲುಪಿದೆ," ಎಂದಳು. "ಏಳಕ್ಕೇ ತಲುಪಿದೆ. ಹೇಳೋದು ಮರೆತೇಹೋಯ್ತು, ಮಕ್ಕಳು ಎಷ್ಟು ಚೂಟಿ ಗೊತ್ತಾ..." ಮರೆತೇಹೋಯ್ತು! ಆ ನಾಲ್ಕು ಗಂಟೆ ನಾನು ಹೇಗಿದ್ದೆ ಎಂದು ಅವಳಿಗೆ ಹೇಳಬೇಕೆನ್ನಿಸಿತು. ಹೇಳಲಿಲ್ಲ. ಅವಳ ದನಿಯಲ್ಲಿ ಅಷ್ಟು ಖುಷಿಯಿತ್ತು.

ಬೋಪಯ್ಯನವರು ಈಗ ಊರಿಗೆ ಹೋಗಿ ನೆಲೆಸಿದ್ದಾರೆ. ನಾನು ಮೆಟ್ರೋದಲ್ಲಿ ಓಡಾಡುತ್ತೇನೆ. ವಸುಧಾ ಅದೇ ಶಾಲೆಯಲ್ಲಿದ್ದಾಳೆ, ಕಾರು ಮಾತ್ರ ಬೇರೆ.

ಈ ಭಾನುವಾರ ಸ್ಪ್ಯಾನರ್ ಹಿಡಿದು ಇಳಿದರೆ, ಶಾಲೆಯ ವಾರ್ಷಿಕೋತ್ಸವದ ತಾಲೀಮಿಗೆ ಹೊರಟಿದ್ದವಳು ಯಾರದೋ ಅಮ್ಮನ ಜೊತೆ ಫೋನಿನಲ್ಲಿದ್ದಳು. ಕಣ್ಣಿನಲ್ಲೇ ಬಾನೆಟ್ ತೋರಿಸಿದಳು. ನೀವೇ ಹಾಕಿ ಎಂದರ್ಥ. ಆಮೇಲೆ ಕೈಚಾಚಿ ನನ್ನ ವಾಚು ಬಿಚ್ಚಿಸಿಕೊಂಡು, ಕಳೆಯದಿರಲೆಂದು ತನ್ನ ಕೈಗೇ ಕಟ್ಟಿಕೊಂಡಳು. ಪುಸ್ತಕವಿಲ್ಲದೆ, ಎಚ್ಚರಿಕೆಗಳಿಲ್ಲದೆ, ಮೊದಲು ಮೈನಸ್ ಬಿಚ್ಚಿ ಕೊನೆಗೆ ಮೈನಸ್ ಬಿಗಿದೆ. ಅವಳು ಒಮ್ಮೆಯೂ ಬಗ್ಗಿ ನೋಡಲಿಲ್ಲ.

ಕಾರು ಎದ್ದಿತು. ಕಿಟಕಿ ಇಳಿಸಿ ಕೇಳಿದಳು, "ಇನ್ನೊಂದ್ಸಲ ನೋಡ್ತೀರಾ?"

"ಬೇಡ. ಸರಿಯಾಗಿದೆ. ಹೊರಡು."

ನನ್ನ ಬಾಯಿಂದ ಇಂಥ ಮಾತು ಬಂದದ್ದಕ್ಕೆ ಅವಳೊಬ್ಬಳೇ ಸಾಕ್ಷಿ. ಮೇಲೆ ಬಂದು ಸ್ಪ್ಯಾನರ್ ತೊಳೆದು ಸೌಟುಗಳ ಪಕ್ಕ ಇಟ್ಟೆ. ಅವಳು ಹೊರಟು ಎಷ್ಟು ಹೊತ್ತಾಯಿತು ಎಂದು ಮಣಿಕಟ್ಟು ನೋಡಿಕೊಂಡರೆ, ವಾಚು ಅವಳ ಕೈಯಲ್ಲಿ ನೋಯ್ಡಾಕ್ಕೆ ಹೋಗಿತ್ತು. ಗೋಡೆಯ ಮೇಲೆ ಗಡಿಯಾರ ಇತ್ತು. ಅದರ ಕಡೆ ತಿರುಗದೆ ಚಹಾಕ್ಕೆ ನೀರಿಟ್ಟೆ.