ಸಮಯದ ಅಭಾವದಿಂದ

ಇವತ್ತು ಬೆಳಿಗ್ಗೆ ನಮ್ಮ ಕಟ್ಟಡದ ನೆಲಮಾಳಿಗೆಯ ಕಿಟಕಿಯಿಂದ ಬಿಸಿ ಬಟ್ಟೆಯ ವಾಸನೆ ಬಂತು. ಡ್ರೈಯರಿನಿಂದ ಆಗಷ್ಟೇ ತೆಗೆದ ಟವೆಲ್ಲಿನ ವಾಸನೆ. ಇದರಿಂದ ನಿಮಗೆ ಯಾರು ನೆನಪಾಗುತ್ತಾರೋ ಗೊತ್ತಿಲ್ಲ, ನನಗಂತೂ ಒಬ್ಬ ಅಮೆರಿಕನ್ ನಟರು ನೆನಪಾಗುತ್ತಾರೆ.

ಎರಡು ಸಾವಿರದ ದಶಕದ ನಡುವೆ, ನಾವು ಸ್ವೀಡನ್ನಿನ ಸುಂಡ್‌ಬೀಬರ್ಯ್‌ಗೆ ಬಂದ ಹೊಸತು. ಇಲ್ಲಿ ಒಂದು ಕಟ್ಟಡದ ಬಾಡಿಗೆ ಮನೆಗಳಿಗೆಲ್ಲ ಸೇರಿ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ ಒಂದೇ. ಮೊದಲೇ ಹೊತ್ತು ಕಾದಿರಿಸಬೇಕು. ಹೊತ್ತು ಮೀರಿದರೆ ಇಲ್ಲಿಯವರು ಬಾಯಿಬಿಟ್ಟು ಬೈಯುವುದಿಲ್ಲ, ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ಆ ಚೀಟಿಯ ಸೌಜನ್ಯ ಇದೆಯಲ್ಲ, ಅದಕ್ಕಿಂತ ಎರಡು ಏಟು ವಾಸಿ. ನನಗೋ ಹತ್ತು ಗಂಟೆ ಎಂದರೆ ಹತ್ತೂವರೆ ಎಂದು ತಿಳಿಯುವ ಜಾಯಮಾನ. ಒಂದು ಭಾನುವಾರ ಓಡೋಡಿ ಇಳಿದಾಗ ನನ್ನ ನಂತರದ ಸರದಿಯವರು ಬೆಂಚಿನ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಎಪ್ಪತ್ತು ದಾಟಿದ ಎತ್ತರದ ಮನುಷ್ಯ. ಚೀಟಿ ಬರೆದಿರಲಿಲ್ಲ. ‘ಕಾಯೋದು ನನಗೆ ಅಭ್ಯಾಸ, ನಾನು ನಟ’ ಎಂದು ಇಂಗ್ಲಿಷಿನಲ್ಲಿ ಹೇಳಿ ಕೈ ಚಾಚಿದರು. ಹೆಸರು ವಾಲ್ಟರ್, ಊರು ಅಮೆರಿಕ.

ಅಮೆರಿಕನ್ ನಟ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನನ್ನ ಹೆಂಡತಿ ಸುಮಾ ಅಂದೇ ಅವರನ್ನು ಕಾಫಿಗೆ ಕರೆದಳು. ಕೋಡುಬಳೆ ಮುರಿಯುತ್ತ ಅವರು ತಮ್ಮ ವೃತ್ತಿಯ ಕಥೆ ಹೇಳಿದರು. ಸಿನಿಮಾಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ಮೊದಲ ಗುಂಡಿಗೆ ಸಾಯುವ ಸೈನಿಕ, ಬಾಗಿಲು ತೆಗೆಯುವ ಬಟ್ಲರ್, ತಂತಿ ತಂದುಕೊಡುವ ಅಂಚೆಯವ. ರಂಗಭೂಮಿಯಲ್ಲಿ ಮಾತ್ರ ನಿಜವಾದ ಪಾತ್ರಗಳಿದ್ದವು. ನ್ಯೂಯಾರ್ಕಿನ ಸಣ್ಣ ಸಣ್ಣ ಥಿಯೇಟರುಗಳಲ್ಲಿ ಹತ್ತು ವರ್ಷ ಆಡಿದರು. ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಸ್ವೀಡನ್ನಿನ ನರ್ತಕಿಯೊಬ್ಬಳನ್ನು ಮೆಚ್ಚಿ, ಅವಳ ಹಿಂದೆ ಇಲ್ಲಿಗೆ ಬಂದುಬಿಟ್ಟರು. ಇಲ್ಲಿ ಇಂಗ್ಲಿಷಿನ ನಟನಿಗೆ ಏನು ಕೆಲಸ? ಶಾಲೆಯ ಪಾಠದ ಕ್ಯಾಸೆಟ್ಟುಗಳಿಗೆ ದನಿ ಕೊಟ್ಟರು. ಟಿವಿ ಧಾರಾವಾಹಿಗಳಲ್ಲಿ ದಾರಿ ತಪ್ಪಿದ ಪ್ರವಾಸಿಯಾದರು. ಹೆಂಡತಿ ತೀರಿಕೊಂಡಿದ್ದಳು. ಕೊನೆಯ ಸಲ ರಂಗ ಹತ್ತಿ ಹದಿನಾರು ವರ್ಷವಾಗಿತ್ತು. ಇದನ್ನು ಹೇಳುವಾಗ ಮಾತ್ರ ಅವರು ಕೋಡುಬಳೆ ಕೆಳಗಿಟ್ಟರು.

ನಾನು ಆಗ ಇಲ್ಲಿಯ ಕನ್ನಡ ಕೂಟದ ಕಾರ್ಯದರ್ಶಿ. ರಾಜ್ಯೋತ್ಸವಕ್ಕೆ ಒಂದು ನಾಟಕವನ್ನೂ ಗೀಚಿದ್ದೆ. ಬರೆಯುವ ಚಟ ಯಾರನ್ನು ಬಿಟ್ಟಿದೆ ಹೇಳಿ. ಊರು ಬಿಟ್ಟು ಹೊರಡುವ ಬ್ರಿಟಿಷ್ ಕಲೆಕ್ಟರ್ ತನ್ನ ತೋಟದ ಮಾಲಿಗೆ ವಿದಾಯ ಹೇಳುವುದು ಅದರ ಮೂರನೆಯ ದೃಶ್ಯ. ವಾಲ್ಟರ್ ಇದ್ದಾರಲ್ಲ, ಮುಖಕ್ಕೆ ಪೌಡರ್ ಬಳಿಯುವ ಖರ್ಚೂ ಉಳಿಯಿತು ಎಂದುಕೊಂಡೆ. ಕೇಳಿದ್ದಕ್ಕೆ ತಕ್ಷಣ ಒಪ್ಪಿದರು, ಒಂದು ಷರತ್ತಿನ ಮೇಲೆ. ಪ್ರತಿ ಪದದ ಅರ್ಥವನ್ನೂ ನಾನು ಹೇಳಬೇಕು.

ಕಲೆಕ್ಟರನ ಬಾಯಲ್ಲಿ ನಾನು ಜನ ನಗಲಿ ಎಂದು ತೊದಲು ಕನ್ನಡ ತುಂಬಿದ್ದೆ. ವಾಲ್ಟರ್ ಅರ್ಥವನ್ನೆಲ್ಲ ಕೇಳಿಸಿಕೊಂಡರು. ಆಮೇಲೆ, ಈ ಮನುಷ್ಯ ಆ ಊರಲ್ಲಿ ಮೂವತ್ತು ವರ್ಷ ಬದುಕಿದ್ದಾನೆ, ಇನ್ನೂ ಯಾಕೆ ತೊದಲಬೇಕು, ಜನರನ್ನು ಪ್ರೀತಿಸಿದವನು ಮಾತು ಕಲಿತಿರುವುದಿಲ್ಲವೇ ಎಂದು ಕೇಳಿದರು. ನಾಚಿಕೆಯಾಯಿತು. ಇಡೀ ದೃಶ್ಯ ತಿದ್ದಿದೆ. ಮೂರು ತಿಂಗಳು, ಪ್ರತಿ ಭಾನುವಾರ, ನಮ್ಮಿಬ್ಬರ ಬಟ್ಟೆ ತಿರುಗುತ್ತಿದ್ದ ಯಂತ್ರದ ಮುಂದೆ ಅವರು ಕನ್ನಡದ ಸಾಲುಗಳನ್ನು ಅಭ್ಯಾಸ ಮಾಡಿದರು. ಈಗೀಗ ಇಂಗ್ಲಿಷ್ ಹೆಸರುಗಳೇ ಮರೆತುಹೋಗುತ್ತವೆ, ರಂಗದ ಮೇಲೆ ನಿಲ್ಲುವ ಕೊನೆಯ ಅವಕಾಶ ಇದೇ ಇರಬಹುದು ಎಂದು ಒಮ್ಮೆ ಸುಮಾಗೆ ಹೇಳಿದರಂತೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ ಕೆಲಸ ಕೇಳಿ.

ರಾಜ್ಯೋತ್ಸವದ ದಿನ ಶಾಲೆಯ ಸಭಾಂಗಣ ನಮಗೆ ಐದು ಗಂಟೆವರೆಗೆ ಮಾತ್ರ. ಪ್ರಾರ್ಥನೆ ತಡವಾಯಿತು, ಮಕ್ಕಳ ನೃತ್ಯದ ಸಿ.ಡಿ. ಸಿಗಲಿಲ್ಲ. ಅದೆಲ್ಲ ಇದ್ದದ್ದೇ. ಆದರೆ ಅಮೆರಿಕನ್ ನಟರೊಬ್ಬರು ನಮ್ಮ ವೇದಿಕೆಗೆ ಬಂದಿರುವಾಗ ಸನ್ಮಾನ ಮಾಡದೆ ಕಳಿಸುವುದುಂಟೇ? ಸಲಹೆ ನನ್ನದೇ. ನಾಟಕದ ಎರಡನೆಯ ದೃಶ್ಯ ಮುಗಿದೊಡನೆ, ವಾಲ್ಟರ್ ಬರುವ ದೃಶ್ಯಕ್ಕೆ ಮೊದಲು, ಪರದೆ ಇಳಿಸಿ ಅವರನ್ನು ಕುರ್ಚಿಯಲ್ಲಿ ಕೂರಿಸಿದೆವು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಅವರ ವೃತ್ತಿಜೀವನವನ್ನು ನಾನು ನಾಲ್ಕು ಪುಟ ಬರೆದು ತಂದಿದ್ದೆ. ಸತ್ತ ಸೈನಿಕರು ವೀರರಾದರು, ಬಟ್ಲರ್ ಪೋಷಕ ಪಾತ್ರವಾದ. ಚಪ್ಪಾಳೆ ಬಂದಂತೆ ನನಗೂ ಹುರುಪು ಏರಿತು. ನಾನು ಮುಗಿಸಿದ ಮೇಲೆ ಕೂಟದ ಅಧ್ಯಕ್ಷ ರಂಗನಾಥ್ ಅವರು ಜಾಗತಿಕ ರಂಗಭೂಮಿಯ ಬಗ್ಗೆ ಮಾತಾಡಿದರು. ವಾಲ್ಟರ್ ಪೇಟದ ಕೆಳಗೆ ಬೆವರುತ್ತ, ತುಟಿಯಲ್ಲೇ ತಮ್ಮ ಸಾಲುಗಳನ್ನು ಹೇಳಿಕೊಳ್ಳುತ್ತಿದ್ದರು. ಅದನ್ನು ನಾನು ನೋಡಿದೆ, ನೋಡಿಯೂ ನಾಲ್ಕನೆಯ ಪುಟ ಓದಿದ್ದೆ.

ಶಾಲೆಯ ಕಾವಲುಗಾರ ಬಂದು ಗಡಿಯಾರ ತೋರಿಸಿದ. ಐದಕ್ಕೆ ಐದು ನಿಮಿಷ. ರಂಗನಾಥ್ ಮೈಕ್ ಹಿಡಿದು, ‘ಸಮಯದ ಅಭಾವದಿಂದ ನಾಟಕವನ್ನು ಇಲ್ಲಿಗೇ ಮುಕ್ತಾಯ ಮಾಡ್ತಾ ಇದ್ದೀವಿ, ದಯವಿಟ್ಟು ಎಲ್ಲರೂ ಊಟದ ಪ್ಯಾಕೆಟ್ ತಗೊಂಡು ಹೋಗಿ’ ಎಂದರು. ಜನ ಚಪ್ಪಾಳೆ ತಟ್ಟಿ, ವಾಲ್ಟರ್ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅವರು ಪ್ರತಿಯೊಬ್ಬರಿಗೂ ನಕ್ಕರು. ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಮುಡಿಸಿ ಕಳಿಸಿದ್ದೆವು.

ಲೋಕಲ್ ರೈಲಿನಲ್ಲಿ ಎದುರುಬದುರು ಕೂತೆವು. ಅವರೇ ಹೇಳಿದರು, ‘ನನ್ನ ಕೆರಿಯರ್ ಬಗ್ಗೆ ತುಂಬ ಚೆನ್ನಾಗಿ ಮಾತಾಡಿದ್ರಿ. ಹತ್ತು ನಿಮಿಷ ಕಡಿಮೆ ಮಾತಾಡಿದ್ರೆ ಅದಕ್ಕೆ ಇನ್ನೊಂದು ಪಾತ್ರ ಸೇರ್ತಿತ್ತು.’ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮುಂದಿನ ಭಾನುವಾರ ಸುಮಾ ನನ್ನನ್ನು ದಬ್ಬಿಕೊಂಡೇ ಅವರ ಮನೆಗೆ ಕರೆದೊಯ್ದಳು. ನಾಟಕ ನೋಡಲು ಬಂದಿದ್ದೇವೆ ಎಂದಳು. ವಾಲ್ಟರ್ ನಮ್ಮಿಬ್ಬರನ್ನೂ ದಿಟ್ಟಿಸಿ, ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದರು. ಮಾಲಿ ಮಾದಪ್ಪನ ಮಾತುಗಳನ್ನು ನಾನು ಕಾಗದ ನೋಡಿ ಓದಿದೆ, ಕಲೆಕ್ಟರನ ಮಾತನ್ನು ವಾಲ್ಟರ್ ಹೇಳಿದರು.

‘ಈ ಊರಿನ ನೀರು ಮೂವತ್ತು ವರ್ಷ ಕುಡಿದಿದ್ದೇನೆ, ಮಾದಪ್ಪ. ನಾನು ಹೋಗುವ ಊರಲ್ಲಿ ನನ್ನನ್ನು ಗುರುತು ಹಿಡಿಯುವವರು ಯಾರೂ ಉಳಿದಿಲ್ಲ. ಅದನ್ನು ಊರಿಗೆ ಹೋಗುವುದು ಅಂತ ಯಾಕೆ ಕರೀತಾರೆ?’

ಬರೆದವನು ನಾನೇ. ಆದರೆ ಆ ಮಾತಿನಲ್ಲಿ ಇಷ್ಟು ದುಃಖ ಇದೆ ಎಂದು ನನಗೆ ಅಂದೇ ಗೊತ್ತಾದದ್ದು. ಒಂದು ಪದವೂ ಅವರಿಗೆ ತಪ್ಪಲಿಲ್ಲ. ಸುಮಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ಬರೇ ಪ್ರೇಕ್ಷಕರಿಗೆ ವಾಲ್ಟರ್ ಎದೆಯ ಮೇಲೆ ಕೈಯಿಟ್ಟು ಬಾಗಿ ನಮಸ್ಕರಿಸಿದರು. ಎರಡು ವರ್ಷದ ನಂತರ ಅವರು ತೀರಿಕೊಂಡರು. ಮತ್ತೆ ರಂಗ ಹತ್ತಲಿಲ್ಲ.

ನಾನೀಗ ಕೂಟದಲ್ಲಿ ಹಿರಿಯ. ಕಳೆದ ತಿಂಗಳ ಕಾರ್ಯಕ್ರಮದಲ್ಲಿ, ಇಲ್ಲಿರುವ ತಮ್ಮ ಮಗನ ಮನೆಗೆ ಬಂದಿದ್ದ ಹುಬ್ಬಳ್ಳಿಯ ಗಾಯಕಿಯೊಬ್ಬರನ್ನು ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ದೊಡ್ಡ ಸಾಧನೆಯ ಹೆಣ್ಣುಮಗಳು. ಹೇಳಲು ಬೇಕಾದಷ್ಟಿತ್ತು, ಬರೆದೂ ತಂದಿದ್ದೆ. ಮೈಕಿನ ಮುಂದೆ ನಿಂತು ಅವರ ಹೆಸರೊಂದನ್ನೇ ಹೇಳಿ ಕೆಳಗಿಳಿದೆ. ಹೊಸ ಅಧ್ಯಕ್ಷರು ಗಾಬರಿಯಿಂದ, ‘ಏನ್ ಸಾರ್, ಅವರ ಬಗ್ಗೆ ಏನೂ ಹೇಳಲೇ ಇಲ್ವಲ್ಲ’ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಅಷ್ಟರಲ್ಲಿ ಆಕೆ ಹಾಡಲು ಶುರುಮಾಡಿದ್ದರು.