ಮುತ್ತಜ್ಜಿ ಮಲಗಿದ್ದ ಜಾಗ

ತಮ್ಮ ಫೋನ್ ಮಾಡಿದಾಗ ನಾನು ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಯಾರದೋ ರವಿಕೆಗೆ ಕೊಕ್ಕೆ ಹಾಕುತ್ತಿದ್ದೆ.

"ಅಕ್ಕ, ಕಾಲುವೆ ಕೆಲಸದೋರು ನಮ್ಮ ಹೊಲದ ತಂಕ ಬಂದವ್ರೆ. ನಾಳೆ ಬೇಲಿ ಮಗ್ಗುಲಿಂದ ಅಗೀತಾರಂತೆ. ಅಲ್ಲೇ ಅಲ್ವಾ ಹಿರೇರ್ನ ಮಣ್ಣು ಮಾಡಿರೋದು? ಜಾಗ ನಿಂಗೊಬ್ಬಳಿಗೇ ಗೊತ್ತಿರೋದು. ಬಂದುಬಿಡು."

ಆಯ್ತು ಅಂದೆ. ಫೋನ್ ಇಟ್ಟು ಮತ್ತೆ ಸೂಜಿ ಕೈಗೆತ್ತಿಕೊಂಡಾಗ ಅನುಮಾನ ಬಂತು. ನನಗೆ ನಿಜವಾಗಿ ಗೊತ್ತಿದೆಯಾ?

ಹರಿಯಬ್ಬೆ ಕಡೆಯ ಆ ಹೊಲದ ಮೂಲೆಯಲ್ಲಿ ಎರಡು ಗೋರಿಗಳಿದ್ದವು. ಮೇಲೆ ಕಲ್ಲಿಲ್ಲ, ಕಟ್ಟೆಯಿಲ್ಲ. ಒಂದು ನನ್ನ ಅಜ್ಜಿಯ ಅತ್ತೆಯದು, ಅಂದರೆ ನನ್ನ ಮುತ್ತಜ್ಜಿಯದು. ಗಂಡ ಸತ್ತ ಮೇಲೆ ಒಬ್ಬಳೇ ಕುರಿ ಕಾಯ್ದು, ಆ ಹೊಲ ಮಾಡಿಟ್ಟವಳು. ಇನ್ನೊಂದು ಅಜ್ಜಿಯ ಮೊದಲ ಕೂಸಿನದು. ಹೆಸರಿಡುವ ಮೊದಲೇ ಹೋದ ಹೆಣ್ಣು ಮಗು. ನಾನು ಎಂಟೊಂಬತ್ತು ವರ್ಷದವಳಾಗುವವರೆಗೆ, ಪ್ರತಿ ವರ್ಷ ಹಿರಿಯರ ಹಬ್ಬದ ದಿನ ಅಜ್ಜಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಅಪ್ಪ, ಚಿಕ್ಕಪ್ಪ ಕುರಿಗಳ ಹಿಂದೆ ಎಲ್ಲೋ ಇರುತ್ತಿದ್ದರು. ಹೊಲದಂಚಿನ ಗುಂಡು ಬಂಡೆಗೆ ಬೆನ್ನು ಕೊಟ್ಟು, ಸೂರ್ಯ ಹುಟ್ಟುವ ದಿಕ್ಕಿಗೆ ಇಪ್ಪತ್ತೆರಡು ಹೆಜ್ಜೆ ಇಟ್ಟರೆ ಮುತ್ತಜ್ಜಿ. ಅಲ್ಲಿಂದ ಬಲಕ್ಕೆ ಆರು ಹೆಜ್ಜೆ, ಕೂಸು.

"ಮರೀಬ್ಯಾಡ ಕಣವ್ವ. ನಾನು ಹೋದ್ಮೇಲೆ ಇವ್ರಿಗೆ ಯಾರು ಎಡೆ ಇಡ್ತಾರೆ?" ಅನ್ನುತ್ತಿದ್ದಳು.

ಗೋರಿ ತುಳಿದರೆ ಸತ್ತವರು ಕಾಲು ಹಿಡಿಯುತ್ತಾರೆ ಅಂತ ಓರಗೆಯ ಮಕ್ಕಳು ಹೇಳಿದ್ದರು. ನಾನು ಅಜ್ಜಿಯ ಸೀರೆ ಹಿಡಿದು, ಅರ್ಧ ಕಣ್ಣು ಮುಚ್ಚಿಕೊಂಡೇ ಎಣಿಸುತ್ತಿದ್ದೆ. ಅಜ್ಜಿ ತೀರಿಕೊಂಡ ಮೇಲೆ ಒಂದು ಸಲವೂ ಆ ಕಡೆ ಹೋಗಲಿಲ್ಲ. ಭಯವಿತ್ತು. ಆಮೇಲೆ ಮದುವೆ, ಮಕ್ಕಳು, ಹೊಲಿಗೆ. ಹಬ್ಬದ ಎಡೆ ಗೋಡೆಯ ಮೇಲಿನ ಫೋಟೋಗಳಿಗೆ ಸೀಮಿತವಾಯಿತು. ಮುತ್ತಜ್ಜಿಯದು ಫೋಟೋನೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸು ಹತ್ತಿದೆ. ಚಿತ್ರದುರ್ಗದಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಲೆಕ್ಕ ಕಲಸಿಹೋಗಿತ್ತು. ಇಪ್ಪತ್ತೆರಡೋ, ಇಪ್ಪತ್ತೋ? ಬಲಕ್ಕೋ, ಎಡಕ್ಕೋ? ಹಿರಿಯೂರಿನಲ್ಲಿ ತಮ್ಮನ ಬೈಕು ಹತ್ತಿದ ಮೇಲೂ ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಹೊಲದಲ್ಲಿ ಮಣ್ಣು ತೆಗೆಯುವ ಹಳದಿ ಯಂತ್ರ ಬಕೆಟ್ ಎತ್ತಿಕೊಂಡು ನಿಂತಿತ್ತು. ಗುದ್ದಲಿ ಹಿಡಿದ ಇಬ್ಬರು ಆಳುಗಳು, ಕೋಲೂರಿಕೊಂಡ ಚಿಕ್ಕಪ್ಪ. ಪುಣ್ಯಕ್ಕೆ ಬಂಡೆ ಅಲ್ಲೇ ಇತ್ತು. ಬೆನ್ನು ಕೊಟ್ಟು ನಿಂತೆ, ಇಪ್ಪತ್ತೆರಡು ಎಣಿಸಿದೆ. "ಇಲ್ಲಿ," ಅಂದೆ.

ಸೊಂಟದ ಆಳಕ್ಕೆ ಅಗೆದರು. ಬರೀ ಗಟ್ಟಿ ಗರಸು ಮಣ್ಣು. ಪಕ್ಕದಲ್ಲಿ ಇನ್ನೊಂದು ಗುಂಡಿ ತೆಗೆದರು. ಅಲ್ಲೂ ಅದೇ.

"ಸರಿಯಾಗಿ ನೆಪ್ಪು ಮಾಡ್ಕಳವ್ವ," ಅಂದರು ಚಿಕ್ಕಪ್ಪ. "ನಾನು ಆಗ ಕುರಿ ಹಿಂದೆ ಇದ್ದೋನು. ನಂಗೇನೂ ಗೊತ್ತಿಲ್ಲ."

ನಾನು ತಪ್ಪಿದರೆ ಆ ಬಕೆಟ್ಟು ಮುತ್ತಜ್ಜಿಯನ್ನು ಮಣ್ಣಿನ ಜೊತೆ ಎತ್ತಿ ಕಾಲುವೆಯ ಏರಿಗೆ ಸುರಿಯುತ್ತದೆ. ಅದರ ಮೇಲೆ ಲಾರಿ ಓಡಾಡುತ್ತವೆ. ಯಾರಿಗೂ ಗೊತ್ತೂ ಆಗುವುದಿಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದೆ.

"ಪಾಪ, ನಮ್ಮವ್ವ ಆ ಕಾಲು ಎಳ್ಕಂಡು ನಿನ್ನ ಇಲ್ಲೀತಂಕ ಹೆಂಗೆ ಕರ್ಕಂಡು ಬತ್ತಿದ್ಲೋ," ಅಂದರು ಚಿಕ್ಕಪ್ಪ, ತಮಗೆ ತಾವೇ ಎಂಬಂತೆ.

ತಟ್ಟನೆ ಎದ್ದೆ. ಅಜ್ಜಿಯ ಬಲಗಾಲಿಗೆ ಟಗರು ಗುದ್ದಿ ಮೂಳೆ ಮುರಿದಿತ್ತು. ಅವಳ ಒಂದು ಹೆಜ್ಜೆ ಗೇಣಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಾನು ಎಣಿಸುತ್ತಿದ್ದದ್ದು ಅವಳ ಹೆಜ್ಜೆಗಳನ್ನು.

ಮತ್ತೆ ಬಂಡೆಗೆ ಹೋದೆ. ಗಂಡಸರೆಲ್ಲ ನೋಡುತ್ತಿದ್ದರು. ನಾಚಿಕೆ ಬಿಟ್ಟು ಸೊಂಟ ಬಗ್ಗಿಸಿ, ಬಲ ಮೊಣಕಾಲ ಮೇಲೆ ಕೈಯಿಟ್ಟು, ಅಜ್ಜಿಯ ಹಾಗೇ ಕಾಲೆಳೆಯುತ್ತಾ ನಡೆದೆ. ಮೊದಲಿನ ಗುಂಡಿಗೆ ಅರ್ಧ ದೂರವೂ ಆಗಲಿಲ್ಲ, ಇಪ್ಪತ್ತೆರಡು ಮುಗಿಯಿತು.

ಅಲ್ಲಿ ಗುದ್ದಲಿ ಸಲೀಸಾಗಿ ಇಳಿಯಿತು. ಮಣ್ಣು ಕಪ್ಪಗಿತ್ತು. ಸ್ವಲ್ಪ ಹೊತ್ತಿಗೆ ಆಳು ಗುದ್ದಲಿ ಬಿಟ್ಟು ಕೈಯಿಂದ ಕೆದರತೊಡಗಿದ. ಹಸಿರುಗಟ್ಟಿದ ತಾಮ್ರದ ಕಡಗ. ಅದರ ಪಕ್ಕ ಮೂಳೆ.

ನಾನು ಮುಖ ತಿರುಗಿಸಿದೆ. ಐವತ್ತು ದಾಟಿದ ಹೆಂಗಸು, ಎಂಟು ವರ್ಷದವಳ ಹಾಗೆ ಹಿಮ್ಮಡಿ ಎತ್ತಿಕೊಂಡು ನಿಂತಿದ್ದೆ.

"ನೀನೇ ಎತ್ತವ್ವ. ನೀನೇ ತಾನೇ ಹುಡುಕಿದ್ದು," ಅಂದರು ಚಿಕ್ಕಪ್ಪ, ಹೆಗಲ ಮೇಲಿದ್ದ ಕಂಬಳಿ ಚಾಚುತ್ತಾ.

"ನನ್ನ ಕೈಲಾಗಲ್ಲ ಚಿಕ್ಕಪ್ಪ."

"ಆಗ್ತೈತೆ. ನಿಮ್ಮಜ್ಜಿ ನಿಂಗೇ ಒಪ್ಸಿ ಹೋಗಿದ್ದು."

ಹಲ್ಲು ಕಚ್ಚಿಕೊಂಡು ಗುಂಡಿಗೆ ಇಳಿದೆ. ಮೂಳೆಗಳನ್ನು ಒಂದೊಂದಾಗಿ ಎತ್ತಿ ಕಂಬಳಿಯಲ್ಲಿಟ್ಟೆ. ಏನೋ ಭಾರ ಇರುತ್ತದೆ ಅಂದುಕೊಂಡಿದ್ದೆ. ಒಣಗಿದ ತೊಗರಿ ಕಡ್ಡಿಯಷ್ಟೂ ಇರಲಿಲ್ಲ.

ಕೂಸು ಸಿಗಲಿಲ್ಲ. ಆರು ಹೆಜ್ಜೆ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ಮೂರು ಕಡೆ ಅಗೆಸಿದೆ. ಮಧ್ಯಾಹ್ನ ಇಳಿಯಿತು. ಯಂತ್ರದ ಡ್ರೈವರ್, ಎಲ್ಲೋ ದೂರದ ಊರಿನವನು, ಎಂಜಿನ್ ಆರಿಸಿ ಅಷ್ಟು ಹೊತ್ತೂ ಕಾದಿದ್ದ. ಕೊನೆಗೆ ಚಪ್ಪಲಿ ಬಿಟ್ಟು ಹತ್ತಿರ ಬಂದ.

"ಅಕ್ಕ, ಎಳೇ ಮೂಳೆ ಇಷ್ಟು ವರ್ಷ ಉಳ್ಯಲ್ಲ. ಮಣ್ಣೇ ತಗಂಡೋಗ್ರಿ."

ಮೂರೂ ಗುಂಡಿಯ ಮಣ್ಣನ್ನು ಒಂದೊಂದು ಬೊಗಸೆ ಸೆರಗಿಗೆ ಹಾಕಿಕೊಂಡೆ.

ಮುತ್ತಜ್ಜಿಯನ್ನೂ ಆ ಮಣ್ಣನ್ನೂ ಮೇಲಿನ ಹೊಲದಲ್ಲಿ, ಅಜ್ಜಿಯ ಗೋರಿಯ ಪಕ್ಕ ಇಟ್ಟೆವು. ತಮ್ಮ ಎರಡು ಚಪ್ಪಡಿ ನೆಡಿಸಿದ. ಈಗ ಹಿರಿಯರ ಹಬ್ಬಕ್ಕೆ ನಾವೆಲ್ಲ ಅಲ್ಲಿಗೇ ಹೋಗಿ ಎಡೆ ಇಡುತ್ತೇವೆ. ಮುತ್ತಜ್ಜಿ ಹೇಗೆ ಕುರಿ ಕಾಯ್ದಳು, ಹೇಗೆ ಹೊಲ ಮಾಡಿದಳು ಅಂತ ಚಿಕ್ಕಪ್ಪ ನೆನಪಿದ್ದಷ್ಟು ಹೇಳುತ್ತಾರೆ. ತಮ್ಮನ ಹೆಂಡತಿ ಬರೆದುಕೊಳ್ಳುತ್ತಾಳೆ.

ಒಮ್ಮೆ ನಾನು ಕೇಳಿಯೇಬಿಟ್ಟೆ. "ಅದು ಮುತ್ತಜ್ಜಿಯೇ ಅಂತ ಏನು ಗ್ಯಾರಂಟಿ ಚಿಕ್ಕಪ್ಪ? ಬೇರೆ ಯಾರಾದ್ರೂ ಆಗಿದ್ರೆ?"

"ಅಂಥ ಕಡಗ ಆಗಿನ ಹೆಂಗಸ್ರೆಲ್ಲ ಹಾಕ್ತಿದ್ರು," ಅಂದರು ಅವರು. "ಯಾರಾದ್ರೂ ಆಗ್ಲಿ ಬಿಡು. ಬಕೆಟ್ಟಿಗೆ ಸಿಗಲಿಲ್ಲವಲ್ಲ."

ಅವರಿಗೆ ಸಮಾಧಾನವಾಗಿದೆ. ನನಗಿನ್ನೂ ಇಲ್ಲ. ಕಾಲುವೆ ನಮ್ಮ ಹೊಲ ದಾಟಿ ಮುಂದೆ ಹೋಗಿದೆ, ನೀರು ಇನ್ನೂ ಬಂದಿಲ್ಲ. ಅದರ ಮೇಲಿನ ಸಣ್ಣ ಸೇತುವೆಯಲ್ಲಿ ಬೈಕು ಹೋಗುವಾಗ ನಾನು ತಮ್ಮನ ಹೆಗಲು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಆ ಕೂಸು ಎಲ್ಲಿದೆಯೋ ಅಂದುಕೊಂಡು, ಕೆಳಗೆ ನೋಡುವುದಿಲ್ಲ.